ಗುಜರಿ ಬಾಂಬರ್‌ನಿಂದ ಕಲಾಸಿಪಾಳ್ಯದ ಕಿಟ್‌ವರೆಗೆ: ಬೆಂಗಳೂರಿನ ಟರ್ಬೊ ರಿಪೇರಿಯ ಹಿಂದಿನ ಕತೆ

ಟರ್ಬೊ ಹೋಯ್ತು ಅಂದರೆ ಟ್ಯಾಕ್ಸಿ ಇಟ್ಟುಕೊಂಡವರ ಎದೆ ಧಸಕ್ಕೆನ್ನುತ್ತದೆ. ಏರು ಬಂದರೆ ಗಾಡಿ ಎಳೆಯುವುದಿಲ್ಲ, ಸೈಲೆನ್ಸರಿನಿಂದ ನೀಲಿ ಹೊಗೆ, ಬಾನೆಟ್ ಒಳಗಿನಿಂದ ಸೀಟಿ ಹೊಡೆದಂಥ ಸದ್ದು. ಕಂಪನಿಯ ಹೊಸ ಟರ್ಬೊಗೆ ಹತ್ತಾರು ಸಾವಿರ ರೂಪಾಯಿ ಬೇಕು. ಒಳಗಿನ ಸವೆದ ಭಾಗಗಳನ್ನಷ್ಟೇ ಬದಲಿಸುವ ರಿಪೇರಿ ಕಿಟ್‌ಗೆ ಅದರ ಸಣ್ಣ ಪಾಲು ಸಾಕು. ಹಾಗಾಗಿ ನಮ್ಮ ಜಿಲ್ಲೆಗಳ ಕಡೆಯ ಮೆಕ್ಯಾನಿಕ್‌ಗಳು ಟರ್ಬೊ ಬಿಚ್ಚಿ ಕೈಗೆ ಕೊಟ್ಟು ಹೇಳುವ ಮಾತು ಒಂದೇ: ಬೆಂಗಳೂರಿಗೆ ಹೋಗಿ, ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ಕೇಳಿ.

ಬೆಂಗಳೂರೇ ಯಾಕೆ? ದೊಡ್ಡ ಊರು, ಎಲ್ಲ ಸಿಗುತ್ತದೆ ಎಂಬುದು ಸುಲಭದ ಉತ್ತರ. ಆದರೆ ಸವೆದ ಟರ್ಬೊವನ್ನು ಎಸೆಯದೆ ಮತ್ತೆ ಓಡಿಸುವ ವಿದ್ಯೆ ಈ ಊರಿಗೆ ಬಂದದ್ದು ಟರ್ಬೊ ಕಾರುಗಳು ಬರುವ ಎಷ್ಟೋ ಮುಂಚೆ.

ಮೊದಲು ಟರ್ಬೊ ಅಂದರೇನು ನೋಡೋಣ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಷಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಸಬಹುದು, ಶಕ್ತಿಯೂ ಹೆಚ್ಚು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ವಿಮಾನದ ಎಂಜಿನ್ ಒಂದನ್ನು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಹೊತ್ತೊಯ್ದು, ಗಾಳಿ ತೆಳುವಾದ ಕಡೆಯೂ ಟರ್ಬೊ ಇದ್ದರೆ ಎಂಜಿನ್ ಸೊರಗುವುದಿಲ್ಲ ಎಂದು ತೋರಿಸಿದ. ಅಲ್ಲಿಂದ ಎರಡನೇ ಮಹಾಯುದ್ಧದವರೆಗೆ ಅಮೆರಿಕದಲ್ಲಿ ಟರ್ಬೊ ಮುಖ್ಯವಾಗಿ ಯುದ್ಧವಿಮಾನದ ವಸ್ತುವಾಗಿ ಬೆಳೆಯಿತು.

ಬೆಂಗಳೂರಿಗೆ ಅದು ಬಂದದ್ದೂ ವಿಮಾನದ ಜೊತೆಗೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಸರ್ ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಪೂರ್ವದ ರಣರಂಗದಿಂದ ಬಂದ ವಿಮಾನ, ಎಂಜಿನ್‌ಗಳನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕೂಡಿಸುವ ದೊಡ್ಡ ಶೆಡ್ ಅದಾಯಿತು. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1942ರಲ್ಲೇ ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಗಿತ್ತು.

ನಿಜವಾದ ಪರೀಕ್ಷೆ ಬಂದದ್ದು ಯುದ್ಧ ಮುಗಿದ ಮೇಲೆ. ಬ್ರಿಟಿಷರು ಹೋಗುವಾಗ ಹತ್ತಾರು ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಯಾರೂ ಮತ್ತೆ ಬಳಸಬಾರದೆಂದು ಅವನ್ನು ಬೇಕೆಂದೇ ಕೆಡಿಸಲಾಗಿತ್ತು. ಒಂದೊಂದಕ್ಕೆ ನಾಲ್ಕು ಎಂಜಿನ್, ಪ್ರತಿ ಎಂಜಿನ್ನಿಗೂ ಒಂದು ಟರ್ಬೊ. ಹೊಸ ಬಾಂಬರ್ ಕೊಳ್ಳುವ ಹಣ ಹೊಸ ದೇಶದ ಬಳಿ ಇರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿ ರಾಶಿಯನ್ನು ಹಾರುವಷ್ಟರ ಮಟ್ಟಿಗೆ ಅಲ್ಲೇ ಸರಿಮಾಡಿದರು. ಕಂಪನಿಯ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಇಲ್ಲಿ ಪೂರ್ತಿ ದುರಸ್ತಿ ನಡೆಯಿತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಹುಟ್ಟಿತು. ಹೀಗೆ ಎದ್ದು ನಿಂತವು ಸುಮಾರು 40. ಕೊನೆಯವು 1968ರವರೆಗೂ ಸೇವೆಯಲ್ಲಿದ್ದವು. ಒಡೆದವನು ಇನ್ನು ಆಗದು ಅಂದುಕೊಂಡದ್ದನ್ನು ನಮ್ಮವರು 20 ವರ್ಷ ಓಡಿಸಿದರು.

ಎಚ್‌ಎಎಲ್ ಶೆಡ್‌ಗೂ ಕಲಾಸಿಪಾಳ್ಯದ ಅಂಗಡಿಗೂ ಇರುವ ನಂಟು ಕೆಲಸದ ರೀತಿಯದು. ಎರಡೂ ಕಡೆ ಹೊಸದು ಕೊಳ್ಳಲು ದುಡ್ಡಿರಲಿಲ್ಲ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹಳೇ ಪೇಟೆಗೂ ಈ ಹೊಸ ಬಡಾವಣೆಗಳಿಗೂ ನಡುವೆ ಸಿಕ್ಕ ಕಲಾಸಿಪಾಳ್ಯ ಬಸ್ಸು, ಲಾರಿಗಳ ತಾಣವಾಯಿತು. ಗಾಡಿ ನಿಲ್ಲುವ ಕಡೆ ರಿಪೇರಿ, ರಿಪೇರಿ ಇದ್ದ ಕಡೆ ಬಿಡಿಭಾಗ ಮತ್ತು ಗುಜರಿ. ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ಆಮದಿಗೆ ಲೈಸೆನ್ಸ್ ಬೇಕಿತ್ತು, ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಅಂಬಾಸಡರ್, ಪದ್ಮಿನಿಗಳನ್ನು ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಓಡಿಸಿದ ಕಾಲ ಅದು. 1950ರ ದಶಕದಲ್ಲಿ ಆಡುಗೋಡಿಗೆ ಮೈಕೊ ಕಾರ್ಖಾನೆ ಬಂತು. ಡೀಸೆಲ್ ಪಂಪಿನ ಸೂಕ್ಷ್ಮ ಅಳತೆ ಈ ಊರಿನ ಕೈಗಳಿಗೆ ರೂಢಿಯಾಯಿತು.

ಕಾರಿನ ಟರ್ಬೊ ಸಾಮಾನ್ಯರ ಮನೆಬಾಗಿಲಿಗೆ ಬಂದದ್ದು 2000ದ ನಂತರ. ಬಿಡದಿಯಲ್ಲಿ ತಯಾರಾದ ಇನ್ನೋವಾ 2005ರಲ್ಲಿ, ಡೀಸೆಲ್ ಸ್ವಿಫ್ಟ್ 2007ರಲ್ಲಿ ಬಂದವು. ಹೊಗೆಯ ನಿಯಮಗಳೂ ಬಿಗಿಯಾದವು. ಹತ್ತು ವರ್ಷದೊಳಗೆ ಹಳ್ಳಿಯ ಟ್ಯಾಕ್ಸಿಯಲ್ಲೂ ಟರ್ಬೊ ಇತ್ತು. ಲಿಬರೇಟರಿನ ಟರ್ಬೊ ನಿಮಿಷಕ್ಕೆ 20 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಅಂಗೈ ಅಗಲದ ಈ ಕಾರಿನ ಟರ್ಬೊ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಷಾಫ್ಟ್ ಬುಷ್ಷಿಗೆ ತಾಗದಂತೆ ತಡೆಯುವುದು ತೆಳ್ಳನೆಯ ಆಯಿಲ್ ಪದರ ಮಾತ್ರ. ಆಯಿಲ್ ಬದಲಿಸುವುದು ತಡವಾದರೆ, ಘಾಟಿ ಹತ್ತಿ ಬಂದ ತಕ್ಷಣ ಕೀ ಆಫ್ ಮಾಡಿದರೆ, ಆ ಪದರ ಕರಿಹಿಡಿಯುತ್ತದೆ.

ಹಾಗಾದರೆ ಮನೆಯಲ್ಲೇ ರಿಪೇರಿ ಮಾಡಬಹುದೇ? ಅರ್ಧ ಮಾಡಬಹುದು. ಷಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ: ಪಕ್ಕಕ್ಕೆ ಕೊಂಚ ಆಟ ಇರಬಹುದು, ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಗಬಾರದು. ಬಿಚ್ಚುವ ಮುನ್ನ ಎರಡೂ ಕಡೆಯ ಹೌಸಿಂಗ್, ಚಕ್ರ, ನಟ್, ಷಾಫ್ಟ್ ಎಲ್ಲದಕ್ಕೂ ಗುರುತು ಹಾಕಬೇಕು. ಗಾಳಿ ಕಡೆಯ ನಟ್ ಬಹಳಷ್ಟು ಟರ್ಬೊಗಳಲ್ಲಿ ಎಡಮರೆ, ಜೋರು ಮಾಡಿದರೆ ಷಾಫ್ಟೇ ಮುರಿಯುತ್ತದೆ. ಷಾಫ್ಟಿಗೆ ಗೀರು ಬಿದ್ದಿದ್ದರೆ, ಕಾವಿಗೆ ನೀಲಿ ಬಣ್ಣ ಬಂದಿದ್ದರೆ, ಚಕ್ರದ ರೆಕ್ಕೆ ಮುಕ್ಕಾಗಿದ್ದರೆ ಕಿಟ್ ಹಾಕಿ ಉಪಯೋಗವಿಲ್ಲ. ಎಲ್ಲ ಸರಿ ಇದ್ದರೆ ಕಿಟ್ಟಿನ ಬುಷ್, ಥ್ರಸ್ಟ್ ಬೇರಿಂಗ್, ರಿಂಗು, ಸೀಲುಗಳನ್ನು ಹೊಸ ಆಯಿಲ್ ಸವರಿ ಕೂಡಿಸಬಹುದು.

ಇನ್ನರ್ಧ ಮನೆಯ ಕೆಲಸವಲ್ಲ. ತಿರುಗುವ ಭಾಗವನ್ನು ಮಷಿನ್ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು. ಕಣ್ಣಿಗೆ ಕಾಣದ ತೂಕದ ವ್ಯತ್ಯಾಸ ಒಂದೂವರೆ ಲಕ್ಷ ಸುತ್ತಿನಲ್ಲಿ ಹೊಸ ಬುಷ್ಷನ್ನು ಕೆಲವೇ ದಿನದಲ್ಲಿ ತಿಂದುಹಾಕುತ್ತದೆ. ಆಯಿಲ್ ಬರುವ ಪೈಪನ್ನೂ ಬದಲಿಸಬೇಕು. ಹಳೇ ಪೈಪಿನ ಕರಿಯೇ ಎಷ್ಟೋ ಟರ್ಬೊಗಳನ್ನು ಎರಡನೇ ಸಲ ಕೊಂದಿದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಟರ್ಬೊ ಬಾಯಿಗೆ ಆಯಿಲ್ ತುಂಬಬೇಕು. ಕಡಿಮೆ ಖರ್ಚಿನ ರಿಪೇರಿ ಅಂದರೆ ಎಲ್ಲ ಕಡೆ ಉಳಿಸುವುದಲ್ಲ, ಎಲ್ಲಿ ಉಳಿಸಬಾರದು ಅನ್ನುವುದು ಗೊತ್ತಿರುವುದು.

ಈಗ ಬ್ಯಾಲೆನ್ಸ್ ಆಗಿಯೇ ಬರುವ ನಡುಭಾಗ, ಗ್ಯಾರೇಜಿನ ಮಾತಲ್ಲಿ ಕಾರ್ಟ್ರಿಡ್ಜ್, ಇಡಿಯಾಗಿ ಸಿಗುತ್ತದೆ. ಹೊಸ ಗಾಡಿಗಳ ಟರ್ಬೊಗೆ ಎಲೆಕ್ಟ್ರಾನಿಕ್ ನಿಯಂತ್ರಣ ಬಂದಿದೆ, ಅದನ್ನು ಹೊಂದಿಸಲು ಬೇರೆಯೇ ಉಪಕರಣ ಬೇಕು. ಬುಷ್ ಅಳೆದು ಕೂರಿಸುವ ಕೈಗಳಿಗೆ ಕೆಲಸ ಕಡಿಮೆಯಾಗುತ್ತಿದೆ. ಬೆಂಗಳೂರು ದುರಸ್ತಿ ಮಾಡಿದ ಲಿಬರೇಟರ್‌ಗಳಲ್ಲಿ ಕೆಲವು ಇವತ್ತು ಬ್ರಿಟನ್, ಅಮೆರಿಕದ ಮ್ಯೂಸಿಯಂಗಳಲ್ಲಿ ಕೂತಿವೆ. ಅವುಗಳ ನಟ್ಟು ಬಿಗಿದವರನ್ನಾಗಲಿ, ಕಲಾಸಿಪಾಳ್ಯದಲ್ಲಿ ಗಾಡಿಗಳಿಗೆ ಮರುಜೀವ ಕೊಟ್ಟವರನ್ನಾಗಲಿ ಕೂರಿಸಿಕೊಂಡು ಮಾತಾಡಿಸಿ ಬರೆದಿಟ್ಟದ್ದು ಕಡಿಮೆ. ಮೊದಲಿನವರಲ್ಲಿ ಹೆಚ್ಚಿನವರು ಈಗಿಲ್ಲ. ಎರಡನೆಯವರು ಇನ್ನೂ ಅಂಗಡಿಯಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ.