ಡಬ್ಬಿ ಮೇಲಿನ ಹೆಸರು, ಡಬ್ಬಿಯೊಳಗಿನ ರೀಲು

ಮುತ್ತತ್ತಿಗೆ ಹೋಗಿ ಬಂದವರಿಗೆಲ್ಲ ಈ ಕತೆ ಗೊತ್ತಿರುತ್ತೆ. ಸೀತೆಯ ಮೂಗುತಿಯ ಮುತ್ತು ಕಾವೇರಿಗೆ ಬಿತ್ತಂತೆ, ಹನುಮಂತ ಬಾಲದಿಂದಲೇ ಹುಡುಕಿ ಎತ್ತಿಕೊಟ್ಟನಂತೆ. ಮುತ್ತೆತ್ತಿದವನು ಮುತ್ತೆತ್ತರಾಯನಾದ, ಊರು ಮುತ್ತತ್ತಿಯಾಯ್ತು. ಬಾಯಿಂದ ಬಾಯಿಗೆ ಹೋಗ್ತಾ ಊರ ಹೆಸರು ಸವೆಯೋದು ಸಹಜ. ಫೋಟೋ ಫಿಲಂ ಹೆಸರನ್ನು ಮಾತ್ರ ಬೇಕಂತಲೇ ಬದಲಾಯಿಸ್ತಾರೆ!

ಆ ಊರಿನ ಬಂಡೆ, ಮರ, ನೀರನ್ನು ಕಪ್ಪುಬಿಳುಪಿನಲ್ಲಿ ತೆಗೆಯೋ ಹುಚ್ಚು ನಮ್ಮ ನಾಲ್ಕು ಜನರ ಗುಂಪಿಗಿದೆ. ಬಿಡಿ ರೋಲುಗಳನ್ನು ಕೊಂಡರೆ ಸಂಬಳ ಸಾಲದು. ಹಾಗಾಗಿ ದುಡ್ಡು ಸೇರಿಸಿ ನೂರು ಅಡಿಯ, ಅಂದ್ರೆ 30.5 ಮೀಟರಿನ ಡಬ್ಬಿ ತರಿಸ್ತೀವಿ. 36 ಚಿತ್ರಕ್ಕೆ ಸುಮಾರು 1.65 ಮೀಟರ್ ಬೇಕು, ಲೆಕ್ಕ ಹಾಕಿ, ಹದಿನೆಂಟು ರೋಲ್. ಕತ್ತಲಲ್ಲಿ ಖಾಲಿ ಕ್ಯಾಸೆಟ್‌ಗೆ ಸುತ್ತಿಕೊಳ್ಳೋ ಕೆಲಸ ನಮ್ಮದು.

ಹೀಗೆ ಹುಡುಕುವಾಗ ಕಣ್ಣಿಗೆ ಬಿದ್ದಿದ್ದು ಆರಿಸ್ಟಾ ಇಡಿಯು ಅಲ್ಟ್ರಾ. ಅದು ಅಮೆರಿಕದ ಫ್ರೀಸ್ಟೈಲ್ ಅನ್ನೋ ಅಂಗಡಿಯ ಚೀಟಿ ಅಷ್ಟೇ. ಒಳಗಿರೋದು ಜೆಕ್ ದೇಶದ ಹ್ರಾಡೆಕ್ ಕ್ರಾಲೊವೆಯ ಫೋಮಾ ಕಂಪನಿಯ ಫೋಮಾಪಾನ್. ಎರಡರ ಡೆವಲಪಿಂಗ್ ಸಮಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಗುಟ್ಟು ತಾನಾಗೇ ಬಿಟ್ಟುಕೊಡುತ್ತೆ. ಇದು ಮೋಸ ಅಂತ ನನಗನಿಸೋದಿಲ್ಲ. ಫಿಲಂಗೆ ಎಮಲ್ಷನ್ ಬಳಿಯೋ ಯಂತ್ರ ಇರೋ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಚೀಟಿ ಅಚ್ಚು ಹಾಕೋರು ಎಷ್ಟು ಬೇಕಾದ್ರೂ ಇದ್ದಾರೆ.

ಉಲ್ಟಾ ಆಗಿದ್ದೂ ಇದೆ: ಕಾರ್ಖಾನೆ ಅದೇ, ಫಿಲಂ ಅದೇ, ಹೆಸರು ಮಾತ್ರ ಹೋಯ್ತು. ಮಹಾಯುದ್ಧದ ನಂತರ ಜರ್ಮನಿ ಇಬ್ಭಾಗವಾದಾಗ ಆಗ್ಫಾದ ವೋಲ್ಫೆನ್ ಕಾರ್ಖಾನೆ ಪೂರ್ವಕ್ಕೆ ಸಿಕ್ತು, ಲೆವರ್‌ಕುಸೆನ್ ಪಶ್ಚಿಮದಲ್ಲಿ ಉಳೀತು. ಒಂದೇ ಹೆಸರಿಗೆ ಇಬ್ಬರು. ಕೊನೆಗೆ 1964ರಲ್ಲಿ ಪೂರ್ವದವರು ‘ಒರಿಜಿನಲ್ ವೋಲ್ಫೆನ್’ ಅನ್ನೋದನ್ನು ಚಿಕ್ಕದು ಮಾಡಿ ಓರ್ವೋ ಅಂತ ಇಟ್ಟುಕೊಂಡರು. ಪೂರ್ವ ಜರ್ಮನಿ ಜೊತೆಗಿನ ವ್ಯಾಪಾರ ರೂಪಾಯಿಯಲ್ಲೇ ನಡೀತಿತ್ತು. ಡಾಲರಿಗೆ ಬರ ಇದ್ದ ಕಾಲದಲ್ಲಿ ನಮ್ಮ ಸಿನಿಮಾದವರಿಗೂ ಸ್ಟುಡಿಯೋದವರಿಗೂ ಓರ್ವೋ ಅಷ್ಟು ಪರಿಚಿತವಾಗಿದ್ದು ಅದಕ್ಕೇ.

ಆದರೆ ನನ್ನ ಹೊಟ್ಟೆ ಉರಿಸೋ ಕತೆ ಇಲ್ಲೇ ಹತ್ತಿರದ್ದು. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಊಟಿ. ಅಲ್ಲಿ 1960ರಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಫೋಟೋ ಫಿಲಂಸ್ ಶುರು ಮಾಡ್ತು. ಧೂಳಿಲ್ಲದ ತಣ್ಣನೆ ಗಾಳಿ ಫಿಲಂ ತಯಾರಿಕೆಗೆ ಹೇಳಿ ಮಾಡಿಸಿದ್ದು. ತಂತ್ರಜ್ಞಾನ ಫ್ರಾನ್ಸಿನ ಬೋಶೆ ಕಂಪನಿಯದು, ಉತ್ಪಾದನೆ ಶುರುವಾಗಿದ್ದು 1967ರಲ್ಲಿ. ಬ್ರಾಂಡ್ ಹೆಸರು ‘ಇಂದು’. ಇಂದು ಅಂದ್ರೆ ಚಂದ್ರ. ಆಗಿನ ಪ್ರಧಾನಿಯನ್ನು ಮನೆಯಲ್ಲಿ ಕರೀತಿದ್ದಿದ್ದೂ ಇಂದು ಅಂತಲೇ, ಇರಲಿ ಬಿಡಿ. ಬೆಳ್ಳಿ ಲವಣ, ಜೆಲಟಿನ್ ಬೆರೆಸಿ ಕತ್ತಲಲ್ಲಿ ಒಂದೇ ಸಮ ಬಳಿಯೋ ವಿದ್ಯೆ ನಮ್ಮವರಿಗೆ ಕೈಹತ್ತಿತು. ರೋಲ್ ಫಿಲಂ, ಎಕ್ಸ್‌ರೇ, ಸಿನಿಮಾ ಫಿಲಂ, ಪ್ರಿಂಟ್ ಹಾಕೋ ಕಾಗದ, ಎಲ್ಲ ಬಂತು.

ಕಲರ್ ಬಂದ ಮೇಲೆ ಇಲ್ಲೂ ಚೀಟಿ ಅಂಟಿಸೋ ಕೆಲಸ ಶುರುವಾಯ್ತು. ವಿದೇಶದಿಂದ ಜಂಬೋ ರೋಲ್ ತರಿಸಿ, ಊಟಿಯಲ್ಲಿ ಕತ್ತರಿಸಿ, ಪ್ಯಾಕ್ ಮಾಡಿ ಮಾರಿದರು. ಅತ್ತ ಹೊಸ ಪಾಲಿಯೆಸ್ಟರ್ ಘಟಕಕ್ಕೆ ಮಾಡಿದ ಸಾಲ, ಇತ್ತ 1990ರ ದಶಕದಲ್ಲಿ ಇಳಿದ ಆಮದು ಸುಂಕ. ಕಂಪನಿ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರ್ತು. ಉಳಿದಿದ್ದನ್ನು ಡಿಜಿಟಲ್ ನುಂಗ್ತು. ಈಗ ಕಾರ್ಖಾನೆ ಮುಚ್ಚಿದೆ. ಫೋಮಾ 1921ರಿಂದ ಬಂದು ಇವತ್ತಿಗೂ ತನ್ನ ಕಪ್ಪುಬಿಳುಪು ಫಿಲಂ ತಾನೇ ಬಳೀತಿದೆ, ಯಾರ ಹೆಸರಲ್ಲಿ ಮಾರಿದರೂ ಸರಿ ಅಂತ. ಊಟಿಯಲ್ಲೂ ಒಂದೇ ಒಂದು ಸಣ್ಣ ಯಂತ್ರ ಓಡ್ತಾ ಇದ್ದಿದ್ರೆ ನಾವು ನಾಲ್ಕು ಜನ ಬಸ್ಸು ಹತ್ತಿ ಹೋಗಿ ಡಬ್ಬಿ ತರಬಹುದಿತ್ತಲ್ಲ ಅನಿಸುತ್ತೆ.

ನಿಮ್ಮ ಮನೆ ಅಟ್ಟದಲ್ಲಿ, ಊರಿನ ಹಳೇ ಸ್ಟುಡಿಯೋದಲ್ಲಿ ‘ಇಂದು’ ಡಬ್ಬಿ ಸಿಕ್ಕರೆ ಎಸೀಬೇಡಿ. ಹಿಂದುಗಡೆ ಏನು ಅಚ್ಚಾಗಿದೆ ಅಂತ ಓದಿ ನನಗೊಂದು ಮಾತು ತಿಳಿಸಿ.