ಕಣ್ಣು ಒಣಗಿದ ಕಥೆ: ಅಂದು ಮತ್ತು ಇಂದು



ಜಯನಗರದಲ್ಲೋ ಬನಶಂಕರಿಯಲ್ಲೋ ಒಂದು ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಕಣ್ಣು ಉರೀತಿದೆ, ಮರಳು ಬಿದ್ದ ಹಾಗಿದೆ, ಡ್ರಾಪ್ಸ್ ಕೊಡಿ" ಎಂದು ಕೇಳುವವರು ಕಾಣಸಿಗುತ್ತಾರೆ. ಅವರಲ್ಲಿ ನಿಮ್ಮ ವಯಸ್ಸಿನವರೂ ಇರಬಹುದು. ಇದು ಕಂಪ್ಯೂಟರ್ ತಂದ ಹೊಸ ಕಾಯಿಲೆಯೆಂದು ನೀವು ಭಾವಿಸಿದ್ದರೆ ಅದು ಪೂರ್ತಿ ನಿಜವಲ್ಲ. ಕಣ್ಣು ಒಣಗುವ ತೊಂದರೆ ಬಹಳ ಹಳೆಯದು. ಬದಲಾದದ್ದು ಅದರ ಕಾರಣ ಮಾತ್ರ.

ಕಣ್ಣೀರು ಬರಿಯ ನೀರಲ್ಲ. ಅದರಲ್ಲಿ ಲೋಳೆ, ನೀರು, ಎಣ್ಣೆ ಮೂರೂ ಇವೆ. ಲೋಳೆಯು ನೀರನ್ನು ಕಣ್ಣಿಗೆ ಅಂಟಿಸುತ್ತದೆ. ಎಣ್ಣೆಯು ನೀರು ಆರದಂತೆ ಕಾಯುತ್ತದೆ. ರೆಪ್ಪೆಯಂಚಿನ ಈ ಎಣ್ಣೆ ಗ್ರಂಥಿಗಳನ್ನು ಜರ್ಮನಿಯ ವೈದ್ಯ ಮೈಬೋಮ್ 1666ರಲ್ಲೇ ವರ್ಣಿಸಿದ್ದನು.

ಹಿಂದೆ ನಮ್ಮ ನಾಡಿನ ಬಡ ಮಕ್ಕಳ ಕಣ್ಣನ್ನು ಒಣಗಿಸಿದ್ದು ಹಸಿವು. ಮೊದಲು ಇರುಳುಗಣ್ಣು, ಆಮೇಲೆ ಬಿಳಿಗುಡ್ಡೆಯ ಹೊಳಪು ಮಾಯ, ಕೊನೆಗೆ ಕರಿಗುಡ್ಡೆಯೇ ಕರಗಿ ಶಾಶ್ವತ ಕುರುಡು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಕಣ್ಣಾಸ್ಪತ್ರೆಯು 1913ರಲ್ಲಿ ಚಾಮರಾಜಪೇಟೆಯ ಈಗಿನ ಮಿಂಟೋ ಕಟ್ಟಡಕ್ಕೆ ಬಂದಿತು. ಅದೇ ವರ್ಷ ಅಮೆರಿಕದಲ್ಲಿ ಮೆಕಾಲಂ ಮತ್ತು ಮಾರ್ಗರೀಟ್ ಡೇವಿಸ್ ಅವರು ಬೆಣ್ಣೆಯಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಬೆಳವಣಿಗೆಗೆ ಬೇಕಾದ ಒಂದು ಅಂಶವನ್ನು ಗುರುತಿಸಿದರು. ಮುಂದೆ 'ಎ' ಜೀವಸತ್ವವೆಂದು ಹೆಸರಾದದ್ದು ಅದೇ. ಅದಿಲ್ಲದೆ ಲೋಳೆ ಒಸರುವ ಜೀವಕೋಶಗಳೇ ಅಳಿಯುತ್ತವೆ. ಭಾರತ ಸರ್ಕಾರವು 1970ರಲ್ಲಿ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರವ ಕುಡಿಸುವ ಕಾರ್ಯಕ್ರಮ ಆರಂಭಿಸಿತು. ನುಗ್ಗೆಸೊಪ್ಪು, ಹರಿವೆಸೊಪ್ಪು, ಪರಂಗಿಹಣ್ಣುಗಳ ಮಹತ್ವವೂ ಜನರಿಗೆ ತಿಳಿಯಿತು. ಅಂಥ ಕುರುಡು ಇಂದು ಅಪರೂಪವಾಗಿದೆ.

ಹೊಟ್ಟೆ ತುಂಬ ಉಂಡವರ ಕಣ್ಣೂ ಒಣಗಬಹುದೆಂಬುದನ್ನು ಯುರೋಪಿನ ವೈದ್ಯರು ಕಂಡಿದ್ದರು. ಷಿರ್ಮರ್ ಎಂಬುವರು 1903ರಲ್ಲಿ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಅದೆಷ್ಟು ನೆನೆಯುತ್ತದೆಂದು ಅಳೆಯುವ ಪರೀಕ್ಷೆ ರೂಪಿಸಿದರು. ಐದು ನಿಮಿಷದ ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 1933ರಲ್ಲಿ ಸ್ವೀಡನ್ನಿನ ಷೋಗ್ರೆನ್ ಅವರು, ಕಣ್ಣು-ಬಾಯಿ ಒಣಗುವುದಕ್ಕೂ ಕೀಲುನೋವಿಗೂ ಇರುವ ನಂಟನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು.

ಇನ್ನು ನಮ್ಮ ಕಾಲಕ್ಕೆ ಬನ್ನಿ. ಇನ್ಫೋಸಿಸ್ ಸಂಸ್ಥೆಯು 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. ಕ್ರಮೇಣ ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ಮನೆಮನೆಯಲ್ಲೂ ಪರದೆ ನೋಡಿ ದುಡಿಯುವವರಾದರು. ಈಗ ಮೊಬೈಲ್ ನಿಮ್ಮ ಕೈಯಲ್ಲೇ ಇದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕೂ ಇಳಿಯಬಹುದು. ರೆಪ್ಪೆ ಬಡಿಯದಿದ್ದರೆ ಎಣ್ಣೆ ಹರಡದು, ನೀರು ಆರುತ್ತದೆ. ರಸ್ತೆಯ ಧೂಳು, ಕೋಣೆಯ ಎ.ಸಿ. ಗಾಳಿ ಉಳಿದ ಕೆಲಸ ಮಾಡುತ್ತವೆ.

ಹಾಗಾದರೆ ಪರಿಹಾರವೇನು? 20 ನಿಮಿಷಕ್ಕೊಮ್ಮೆ 20 ಸೆಕೆಂಡು ದೂರದ ವಸ್ತುವನ್ನು ನೋಡಿ. ರೆಪ್ಪೆಗಳನ್ನು ಪೂರ್ತಿ ಮುಚ್ಚಿ ತೆರೆಯಿರಿ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು, ಹಿತವಾದ ಬಿಸಿಯಲ್ಲಿ, ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ಗಟ್ಟಿಯಾದ ಎಣ್ಣೆ ಕರಗುತ್ತದೆ. ಕಣ್ಣಿಗೆ ಹರಳೆಣ್ಣೆ ಬಿಡಬೇಡಿ. ವೈದ್ಯರು ಹೇಳಿದರೆ ಕೃತಕ ಕಣ್ಣೀರು ಹಾಕಿಕೊಳ್ಳಿ. ಆದರೆ ಅಂಗಡಿಯವರು ಕೊಟ್ಟ ಯಾವುದೋ ಡ್ರಾಪ್ಸ್ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಹೆಚ್ಚಿ, ನಿಮಗೆ ತಿಳಿಯದಂತೆಯೇ ದೃಷ್ಟಿ ಹೋಗಬಹುದು. ನೋವು, ಕೆಂಪು, ದೃಷ್ಟಿ ಮಂಜಾಗುವಿಕೆ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಅಂದಿನ ಮಗುವಿಗೆ ಸೊಪ್ಪು ಸಿಗದೆ ಕಣ್ಣು ಒಣಗಿತು. ಆಯ್ಕೆ ಅದರ ಕೈಯಲ್ಲಿರಲಿಲ್ಲ. ಅದನ್ನು ಉಳಿಸಲು ಒಂದು ಸರ್ಕಾರವೇ ಮುಂದೆ ಬರಬೇಕಾಯಿತು. ನಿಮ್ಮ ಕಣ್ಣಿಗೆ ಬೇಕಾಗಿರುವುದು ಬಹುಮಟ್ಟಿಗೆ ಬಿಡುವು. ಅದನ್ನು ಕೊಡುವುದು ನಿಮ್ಮ ಕೈಯಲ್ಲೇ ಇದೆ. ಈ ಪುಟ ಮುಗಿಯಿತು; ಒಮ್ಮೆ ಕಿಟಕಿಯಾಚೆ ನೋಡಿ, ರೆಪ್ಪೆ ಬಡಿಯಿರಿ.