ಕೇಂದ್ರಾಪಗಾಮಿ ಪಂಪು

ತಿರುಗುವ ಚಕ್ರದಿಂದ ದ್ರವಕ್ಕೆ ವೇಗ ಕೊಟ್ಟು, ಆ ವೇಗವನ್ನು ಒತ್ತಡವಾಗಿಸಿ ಮೇಲೆತ್ತುವ ಯಂತ್ರ. ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್.ಪಿ. ಮೋಟಾರಿನಿಂದ ಹಿಡಿದು ಉಷ್ಣ ವಿದ್ಯುತ್ ಸ್ಥಾವರದ ಬಾಯ್ಲರಿಗೆ ನೀರೂಡಿಸುವ ಭಾರಿ ಪಂಪಿನವರೆಗೆ ತತ್ತ್ವ ಒಂದೇ.

ಇದರಲ್ಲಿ ತಿರುಗುವ ಭಾಗ ಇಂಪೆಲ್ಲರ್. ಅದರ ನಡುವಿನ ಕಣ್ಣಿನಿಂದ ಒಳಬಂದ ನೀರನ್ನು ಬಾಗಿದ ಅಲಗುಗಳು ಅಂಚಿನತ್ತ ಎಸೆಯುತ್ತವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಮೋಟಾರು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ; 150 ಮಿ.ಮೀ. ವ್ಯಾಸದ ಇಂಪೆಲ್ಲರಿನ ಅಂಚು ಆಗ ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ. ಸುತ್ತಲಿನ ಕೇಸಿಂಗ್ ಬಸವನಹುಳುವಿನ ಚಿಪ್ಪಿನಂತೆ ಹೊರದಾರಿಯತ್ತ ಅಗಲವಾಗುತ್ತಾ ಹೋಗುವುದರಿಂದ ನೀರಿನ ವೇಗ ತಗ್ಗಿ ಒತ್ತಡ ಏರುತ್ತದೆ.

17ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಡೆನಿ ಪಾಪಾಂ ಇಂಥ ಪಂಪನ್ನು ರೂಪಿಸಿದ. ಅವನ ಅಲಗುಗಳು ನೇರವಾಗಿದ್ದವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾನ್ ಆಪಲ್ಡ್ ಬಾಗಿದ ಅಲಗಿನ ಪಂಪನ್ನು ಓಡಿಸಿ ತೋರಿಸಿದ. ಅದರ ದಕ್ಷತೆ ಶೇ. 68, ನೇರ ಅಲಗಿನದರ ಸುಮಾರು ಮೂರು ಪಟ್ಟು. ವಿದ್ಯುತ್ ಮೋಟಾರು ಬಂದಮೇಲೆ ಈ ಪಂಪು ಎಲ್ಲೆಡೆ ಹರಡಿತು.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಎಳೆಯುವುದಿಲ್ಲ. ಕಣ್ಣಿನ ಬಳಿ ಒತ್ತಡ ಕುಸಿಯುತ್ತದೆ, ಬಾವಿಯ ನೀರಿನ ಮೇಲಿರುವ ಗಾಳಿಯ ಒತ್ತಡ ನೀರನ್ನು ಅಲ್ಲಿಗೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಗಾಳಿ ಹೀಗೆ ಎತ್ತಬಲ್ಲ ಗರಿಷ್ಠ ಎತ್ತರ 10.3 ಮೀಟರ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಒಂದು ಮೀಟರಿನಷ್ಟು ಕಡಿಮೆ. ಪೈಪಿನ ಘರ್ಷಣೆ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್ ಮಾತ್ರ. ಎಷ್ಟು ದೊಡ್ಡ ಮೋಟಾರು ಕೂರಿಸಿದರೂ ಈ ಮಿತಿ ಬದಲಾಗದು. ಬೇಸಿಗೆಯಲ್ಲಿ ತೆರೆದ ಬಾವಿಯ ನೀರು ಇಳಿದಂತೆ ರೈತರು ಪಂಪನ್ನೂ ಕೆಳಗಿಳಿಸುವುದು ಇದಕ್ಕಾಗಿಯೇ. ಮಿತಿ ಮೀರಿದರೆ ಕಣ್ಣಿನ ಬಳಿ ನೀರು ತಣ್ಣಗಿದ್ದೂ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಅವು ಒಡೆಯುವ ರಭಸಕ್ಕೆ ಕಟಕಟ ಸದ್ದಾಗಿ, ಇಂಪೆಲ್ಲರಿನ ಲೋಹ ಚುಕ್ಕೆಚುಕ್ಕೆಯಾಗಿ ಕಿತ್ತುಬರುತ್ತದೆ.

ಪಂಪಿನಲ್ಲಿ 'ಏರ್ ಹಿಡಿದರೆ' ನೀರು ಬಾರದಿರುವುದಕ್ಕೂ ಸರಳ ಲೆಕ್ಕವಿದೆ. ನೀರನ್ನು 30 ಮೀಟರ್ ಏರಿಸಬಲ್ಲ ಪಂಪು ಗಾಳಿಯನ್ನೂ 30 ಮೀಟರ್ ಗಾಳಿಯ ಕಂಬದಷ್ಟೇ ಒತ್ತಬಲ್ಲದು. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಆದ್ದರಿಂದ ಆ ಒತ್ತಡ ನಾಲ್ಕು ಸೆಂಟಿಮೀಟರ್ ನೀರಿಗೂ ಸಾಲದು. ಮೊದಲು ಪಂಪಿಗೆ ನೀರು ತುಂಬಿಸುವುದು, ತುಂಬಿದ್ದು ಇಳಿದುಹೋಗದಂತೆ ಪೈಪಿನ ತುದಿಗೆ ಫುಟ್ ವಾಲ್ವ್ ಹಾಕುವುದು ಅದಕ್ಕಾಗಿ.

ಅಂಗಡಿಯಲ್ಲಿ 'ಐದು ಎಚ್.ಪಿ.ಯದು ಕೊಡಿ' ಎಂದು ಕೇಳುವುದು ರೂಢಿ. ಆದರೆ ಮೊದಲು ಗೊತ್ತಾಗಬೇಕಾದ್ದು ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಎತ್ತರಕ್ಕೆ ಎಂಬುದು. ಸೆಕೆಂಡಿಗೆ 5 ಲೀಟರನ್ನು 60 ಮೀಟರ್ ಏರಿಸಲು ಸುಮಾರು 3 ಕಿಲೋವಾಟ್ ಬೇಕು. ಪಂಪು, ಮೋಟಾರು ಸೇರಿ ಶೇ. 50 ದಕ್ಷತೆಯಿದ್ದರೆ ವಿದ್ಯುತ್ ಖರ್ಚು 6 ಕಿಲೋವಾಟ್. ಹೆಚ್ಚು ಹೆಡ್ಡಿನ, ಅಂದರೆ ಹೆಚ್ಚು ಎತ್ತರಕ್ಕೆಂದು ಮಾಡಿದ, ಪಂಪನ್ನು ಕಡಿಮೆ ಎತ್ತರಕ್ಕೆ ಹಾಕಿದರೆ ಮೋಟಾರಿಗೆ ಭಾರ ಕಡಿಮೆಯಾಗುತ್ತದೆ ಎಂಬ ಎಣಿಕೆ ತಪ್ಪು: ಹರಿವು ಹೆಚ್ಚಾಗಿ, ಮೋಟಾರು ಹೆಚ್ಚು ಕರೆಂಟು ಎಳೆದು, ಕಡೆಗೆ ಸುಟ್ಟುಹೋಗಬಹುದು. ತ್ರೀ ಫೇಸ್ ಮೋಟಾರಿನ ಎರಡು ವೈರು ಅದಲುಬದಲಾದರೆ ಇಂಪೆಲ್ಲರ್ ಉಲ್ಟಾ ತಿರುಗುತ್ತದೆ. ಆಗಲೂ ನೀರು ಅಷ್ಟಿಷ್ಟು ಬರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ, ಬೋರ್‌ವೆಲ್ ಬತ್ತಿತೆಂದು ಜನ ಕಂಗಾಲಾಗುತ್ತಾರೆ.

ಬೋರ್‌ವೆಲ್ಲಿನ ಕಿರಿದಾದ ಕೊಳವೆಯಲ್ಲಿ ದೊಡ್ಡ ಇಂಪೆಲ್ಲರ್ ಹಿಡಿಸದು. ಹಾಗಾಗಿ ಸಬ್‌ಮರ್ಸಿಬಲ್ ಪಂಪಿನಲ್ಲಿ ಚಿಕ್ಕ ಇಂಪೆಲ್ಲರುಗಳನ್ನು ಒಂದೇ ದಂಡಕ್ಕೆ ಪೋಣಿಸುತ್ತಾರೆ; ಒಂದೊಂದು ಸ್ಟೇಜೂ ತನ್ನ ಪಾಲಿನ ಒತ್ತಡ ಸೇರಿಸುತ್ತದೆ. ಮೋಟಾರು ಪಂಪಿನ ಕೆಳಗೆ, ನೀರಿನಲ್ಲೇ ಮುಳುಗಿರುತ್ತದೆ. ಪಂಪಿನತ್ತ ಸಾಗುವ ನೀರೇ ಅದನ್ನು ತಂಪಾಗಿಡುವುದರಿಂದ, ನೀರಿಲ್ಲದೆ ಓಡಿದರೆ ಬೇಗ ಸುಡುತ್ತದೆ. ಕಾವೇರಿ ನೀರು ಬೆಂಗಳೂರು ತಲುಪುವುದೂ ಹೀಗೆ ಎತ್ತರವನ್ನು ಪಾಲು ಮಾಡಿಕೊಂಡೇ: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಮನೆಗಳು ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರವನ್ನು ಹಂತಹಂತವಾಗಿ ದಾಟಿಸುತ್ತವೆ.

ಇಂಪೆಲ್ಲರ್ ತಿರುಗುವ ವೇಗ ಅರ್ಧವಾದರೆ ಹರಿವು ಅರ್ಧವಾಗುತ್ತದೆ, ಏರಿಸಬಲ್ಲ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ, ಬೇಕಾದ ಶಕ್ತಿ ಎಂಟನೆಯ ಒಂದು ಭಾಗಕ್ಕೆ. ಹರಿವು ಕಡಿಮೆ ಸಾಕಾದಾಗ ವಾಲ್ವ್ ತಿರುಗಿಸುವ ಬದಲು ವೇಗ ತಗ್ಗಿಸುವುದೇ ಲಾಭವೆನ್ನುವುದು ಇದರಿಂದ. ಸೋಲಾರ್ ಪಂಪಿನಲ್ಲಿ ಬೆಳಗಿನ ಎಳೆಬಿಸಿಲಿಗೆ ಮೋಟಾರು ತಿರುಗಿದರೂ ಪೈಪಿನಲ್ಲಿ ನೀರು ಕಾಣದಿರುವುದೂ ಇದೇ ಕಾರಣಕ್ಕೆ: ಬೇಕಾದ ಎತ್ತರಕ್ಕೆ ತಕ್ಕ ವೇಗ ಬರುವವರೆಗೆ ಒಂದು ಹನಿಯೂ ಹೊರಬೀಳುವುದಿಲ್ಲ.